ಕೆರೆಯ ನೀರಿಗೆ ಮೈಲಿಗೆ ಉಂಟೆ?

ಬೆಂಗಳೂರಿನ ಕೊಳಚೆ ನೀರನ್ನು ಹೆಬ್ಬಾಳ-ನಾಗವಾರ ಕಣಿವೆಯ ಘಟಕಗಳಲ್ಲಿ ಸಂಸ್ಕರಿಸಿ, ದಿನಕ್ಕೆ 21 ಕೋಟಿ ಲೀಟರಿನಂತೆ ಬೆಂಗಳೂರಿನ ಉತ್ತರ ಭಾಗ ಹಾಗೂ ಚಿಕ್ಕಬಳ್ಳಾಪುರದ ಕಡೆಯ 65 ಕೆರೆಗಳಿಗೆ ಹರಿಸಲು ರೂಪಿಸಿದ ಯೋಜನೆಯ ಹಾದಿಯಲ್ಲಿ ಬಾಗಲೂರು ಕೆರೆಯೂ ಇದೆ. ಶೌಚಾಲಯವನ್ನು ಹಾದು ಬಂದ ನೀರು ಮತ್ತೆ ಗಂಗೆಯೆನಿಸಿ ಪೂಜೆಗೆ ಸಲ್ಲುತ್ತದೆಯೇ ಎಂಬ ಪ್ರಶ್ನೆ ಅಂಥ ಕೆರೆಯ ಏರಿಯ ಮೇಲೆ ಹುಟ್ಟುವುದು ಸಹಜ. ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭವಾದರೂ ಸರಿಯಲ್ಲ.

ಮನುಸ್ಮೃತಿಯ ಐದನೆಯ ಅಧ್ಯಾಯವು ನೆಲದ ಮೇಲಿನ ನೀರು ಒಂದು ಹಸುವಿನ ದಾಹ ತಣಿಸುವಷ್ಟಿದ್ದು, ಹೊಲಸು ಬೆರೆಯದೆ, ಬಣ್ಣ ವಾಸನೆ ರುಚಿಗಳಲ್ಲಿ ಸಹಜವಾಗಿದ್ದರೆ ಅದನ್ನು ಶುದ್ಧವೆಂದು ಎಣಿಸುತ್ತದೆ. ಇಲ್ಲಿ ಕೇಳಿರುವುದು ನೀರಿನ ಈಗಿನ ಸ್ಥಿತಿಯನ್ನೇ ಹೊರತು ಅದರ ಪೂರ್ವೋತ್ತರವನ್ನಲ್ಲ ಎಂಬುದು ಗಮನಾರ್ಹ. ಆದರೆ ಕಣ್ಣು ಮೂಗು ನಾಲಗೆಗಳನ್ನು ನಂಬಿದ ಈ ಪರೀಕ್ಷೆ ಇಂದಿನ ನೀರಿಗೆ ಸಾಲದು. ಈ ಯೋಜನೆ ಆಧರಿಸಿದ ಎರಡನೆಯ ಹಂತದ ಸಂಸ್ಕರಣೆ, ಅಂದರೆ ಗಾಳಿಯೂದಿ ಬೆಳೆಸಿದ ಬ್ಯಾಕ್ಟೀರಿಯಾಗಳಿಗೆ ಕೊಳೆಯನ್ನು ಉಣಿಸಿ ಕೆಸರನ್ನು ತಳಕ್ಕಿಳಿಸುವ ಕ್ರಮ, ನೀರನ್ನು ಬಹುಮಟ್ಟಿಗೆ ತಿಳಿಗೊಳಿಸುತ್ತದೆಯಾದರೂ ಸಾರಜನಕ-ರಂಜಕಗಳ ಲವಣಗಳನ್ನೂ ಔಷಧಗಳ ಉಳಿಕೆಯನ್ನೂ ಪೂರ್ತಿಯಾಗಿ ತೆಗೆಯುವುದಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕವು ವಿಧಿಸಿರುವ ನೈಟ್ರೇಟಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಹಸುವಿಗೂ ತಿಳಿಯದು, ಪುರೋಹಿತರಿಗೂ ತಿಳಿಯದು.

ಮಡಿ-ಮೈಲಿಗೆಯ ಇತಿಹಾಸದಲ್ಲಿ ನೀರಿಗೆ ಸಂಬಂಧವೇ ಇಲ್ಲದ ಭಾಗವೂ ದೊಡ್ಡದಿದೆ. 1927ರ ಮಾರ್ಚ್‌ನಲ್ಲಿ ಅಂಬೇಡ್ಕರ್ ಮತ್ತು ಅವರ ಸಂಗಡಿಗರು ಅಸ್ಪೃಶ್ಯರಿಗೆ ನಿರಾಕರಿಸಲಾಗಿದ್ದ, ಮಹಾರಾಷ್ಟ್ರದ ಮಹಾಡದ ಚವದಾರ್ ಕೆರೆಯ ನೀರು ಕುಡಿದ ಬಳಿಕ ಸವರ್ಣೀಯರು ಆ ಕೆರೆಗೆ ಸಗಣಿ, ಗಂಜಲ, ಹಾಲು, ಮೊಸರುಗಳ ಮಿಶ್ರಣವನ್ನು ಕೊಡಗಟ್ಟಲೆ ಸುರಿದು ಶುದ್ಧಿ ಮಾಡಿದರು. ಪ್ರಯೋಗಾಲಯದ ಲೆಕ್ಕದಲ್ಲಿ ಕೆರೆ ಕೆಟ್ಟದ್ದು ಆ ಶುದ್ಧಿಯಿಂದಲೇ. ಆದ್ದರಿಂದ ಸಂಸ್ಕರಿತ ನೀರಿನ ಬಗೆಗಿನ ಹೇಸಿಗೆಯಲ್ಲಿ ನೀರಿಗೆ ಸೇರಿದ್ದೆಷ್ಟು, ಅದನ್ನು ಬಳಸಿಬಿಟ್ಟ ಜನರ ಮೇಲಿನ ಅಸಹ್ಯವೆಷ್ಟು ಎಂಬುದನ್ನು ಮೊದಲು ಜರಡಿ ಹಿಡಿಯಬೇಕಾಗುತ್ತದೆ.

ಹಾಗೆ ಜರಡಿ ಹಿಡಿದ ಮೇಲೂ ಉಳಿಯುವ ಆಕ್ಷೇಪವೇ ಗಟ್ಟಿಯಾದದ್ದು. ಈ ನೀರು ನೇರವಾಗಿ ಕುಡಿಯುವುದಕ್ಕಲ್ಲ, ಅಂತರ್ಜಲ ತುಂಬುವುದಕ್ಕೆ ಎಂದು ಯೋಜನೆಯ ಪರವಾಗಿ ಹೇಳಲಾಗುತ್ತದೆ. ಫ್ಲೋರೈಡ್ ಬೆರೆತ ಆಳದ ಬೋರ್‌ವೆಲ್ ನೀರನ್ನು ಕುಡಿದು ಬಂದ ಬಯಲುಸೀಮೆಗೆ ಅದರ ಅಗತ್ಯವೂ ಇದೆ. ಆದರೆ ಕೆರೆಯಿಂದ ಇಂಗಿದ ನೀರು ಊರಿನ ಬೋರ್‌ವೆಲ್ಲಿಗೇ ಸೇರುವುದರಿಂದ ಎರಡು ಉದ್ದೇಶಗಳ ನಡುವಿನ ಗೆರೆ ಕಾಗದದಲ್ಲಷ್ಟೇ ಉಳಿಯುತ್ತದೆ. ಶೋಧನೆ, ಸಾರಜನಕ-ರಂಜಕಗಳ ಲವಣಗಳ ನಿವಾರಣೆ ಮತ್ತು ರೋಗಾಣುನಾಶವನ್ನು ಒಳಗೊಂಡ ಮೂರನೆಯ ಹಂತದ ಸಂಸ್ಕರಣೆ ಬೇಕೆಂಬ ಬಯಲುಸೀಮೆಯ ಹೋರಾಟಗಾರರ ಒತ್ತಾಯಕ್ಕೂ ಮಡಿಗೂ ಸಂಬಂಧವಿಲ್ಲ. ಮಲಿನ ಮಾಡಿದವರೇ ಶುದ್ಧಿಯ ಹೊಣೆಯನ್ನು ಕೊನೆಯವರೆಗೂ ಹೊರಬೇಕೆಂಬುದು ಅವರ ವಾದ.