ನಿರ್ವಹಣೆ ಎಂಬ ಕೃಪಾವರ

ಪೌಲನು ಸುಮಾರು ಕ್ರಿ.ಶ. 55ರಲ್ಲಿ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ಪವಿತ್ರಾತ್ಮನ ವರಗಳ ಪಟ್ಟಿಯೊಂದಿದೆ. ಅಪೊಸ್ತಲರು, ಪ್ರವಾದಿಗಳು, ಬೋಧಕರು, ಮಹತ್ಕಾರ್ಯ ಮಾಡುವವರು, ರೋಗ ವಾಸಿಮಾಡುವವರು ಎಂದು ಸಾಗುವ ಆ ಪಟ್ಟಿಯಲ್ಲಿ ಪರಸಹಾಯದ ನಂತರ, ಅನ್ಯಭಾಷೆಗಳನ್ನಾಡುವುದಕ್ಕೆ ಮೊದಲು, ಕಾರ್ಯನಿರ್ವಹಣೆಯ ವರ ಬರುತ್ತದೆ. ಸಭೆಯ ಕೆಲಸಗಳಿಗೆ ದಿಕ್ಕು ತೋರಿಸುವುದು, ಯಾರಿಂದ ಯಾವ ಕೆಲಸ ಆದೀತೆಂದು ಗುರುತಿಸಿ ಹಂಚುವುದು, ಬಂದ ಕಾಣಿಕೆಗೂ ಆದ ಖರ್ಚಿಗೂ ಲೆಕ್ಕ ಇಡುವುದು, ತಕರಾರು ಒಡಕಾಗುವ ಮುನ್ನ ಬಗೆಹರಿಸುವುದು ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ.

ಅದೇ ಅಧ್ಯಾಯದ ಕೊನೆಯಲ್ಲಿ ಪೌಲನು ಎಲ್ಲರೂ ಅಪೊಸ್ತಲರೇ, ಎಲ್ಲರಿಗೂ ವಾಸಿಮಾಡುವ ವರವಿದೆಯೇ ಎಂದು ಪಟ್ಟಿಯನ್ನು ಪ್ರಶ್ನೆಗಳಾಗಿ ಮತ್ತೊಮ್ಮೆ ಮುಂದಿಡುತ್ತಾನೆ. ಈ ಸಲ ಸಹಾಯ ಮತ್ತು ನಿರ್ವಹಣೆ ಎರಡೂ ಬಿಟ್ಟುಹೋಗಿವೆ. ಕಾರಣ ಊಹಿಸಲು ಕಷ್ಟವಿಲ್ಲ. ಕೊರಿಂಥದವರು ಪೈಪೋಟಿಗಿಳಿದಿದ್ದು ಕಣ್ಣಿಗೆ ಕಾಣುವ ವರಗಳಿಗಾಗಿ. ಈ ಎರಡಕ್ಕೆ ಯಾರೂ ಮುಗಿಬಿದ್ದಿರಲಿಲ್ಲ. ಆದರೆ ಅವರಿಗೆ ತುರ್ತಾಗಿ ಬೇಕಿದ್ದದ್ದೂ ಇವೇ. ಕರ್ತನ ಭೋಜನಕ್ಕೆ ಸೇರಿದಾಗ ಕೆಲವರು ಕುಡಿದು ಮತ್ತೇರುತ್ತಿದ್ದರು, ಕೆಲವರು ಹಸಿದೇ ಇರುತ್ತಿದ್ದರು ಎಂಬ ದೂರು ಹಿಂದಿನ ಅಧ್ಯಾಯದಲ್ಲೇ ಇದೆ.

ಈ ವರ ಯಾಕಾಗಿ ಇದೆ ಎಂಬುದಕ್ಕೆ ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಷ್ಟು ಸ್ಪಷ್ಟವಾದ ಉದಾಹರಣೆ ಬೇರೆ ಇಲ್ಲ. ಯೆರೂಸಲೇಮಿನ ಸಭೆಯಲ್ಲಿ ವಿಧವೆಯರಿಗೆ ದಿನಾಲೂ ಆಹಾರ ಹಂಚುವ ಏರ್ಪಾಟಿತ್ತು. ಗ್ರೀಕ್ ಮಾತಾಡುವ ಯೆಹೂದ್ಯರ ವಿಧವೆಯರಿಗೆ ಪಾಲು ಸಿಗುತ್ತಿಲ್ಲವೆಂಬ ಗೊಣಗಾಟ ಎದ್ದಿತು. ಹನ್ನೆರಡು ಮಂದಿ ಅಪೊಸ್ತಲರು ದೂರನ್ನು ಅಲ್ಲಗಳೆಯಲಿಲ್ಲ, ಹಂಚುವ ಕೆಲಸವನ್ನು ತಾವೇ ಕೈಗೆತ್ತಿಕೊಳ್ಳಲೂ ಇಲ್ಲ. ಒಳ್ಳೆಯ ಹೆಸರಿರುವ, ಪವಿತ್ರಾತ್ಮಭರಿತರೂ ಜ್ಞಾನಿಗಳೂ ಆದ ಏಳು ಮಂದಿಯನ್ನು ಆರಿಸಿಕೊಳ್ಳಲು ಸಭೆಗೇ ಹೇಳಿದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ: ಆಯ್ಕೆಯಾದವರ ಹೆಸರುಗಳೆಲ್ಲ ಗ್ರೀಕ್ ಹೆಸರುಗಳು. ದೂರು ಕೊಟ್ಟ ಗುಂಪಿನವರ ಕೈಗೇ ಹಂಚಿಕೆಯ ಹೊಣೆ ಹೋಯಿತೆಂದು ಇದರಿಂದ ಹಲವು ವ್ಯಾಖ್ಯಾನಕಾರರು ತಿಳಿಯುತ್ತಾರೆ. ಊಟ ಬಡಿಸುವ ಕೆಲಸಕ್ಕೂ ಆತ್ಮಭರಿತರೇ ಬೇಕೆಂಬ ಷರತ್ತು, ಅಪೊಸ್ತಲರು ಅವರ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದು, ಇವೆರಡೂ ಈ ಕೆಲಸವನ್ನು ಬರೀ ವ್ಯವಹಾರವೆಂದು ತಳ್ಳಿಹಾಕುವವರಿಗೆ ಅಡ್ಡಬರುತ್ತವೆ.

ಹಳೆಯ ಒಡಂಬಡಿಕೆಯಲ್ಲಿ ಇದರ ಬೇರು ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿದೆ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ಹೇಳುತ್ತಾ ಕೂತ ಮೋಶೆಯನ್ನು ಅವನ ಮಾವ ಇತ್ರೋ ಎಚ್ಚರಿಸಿ, ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬ ಮುಖಂಡನನ್ನು ನೇಮಿಸಲು ಹೇಳುತ್ತಾನೆ. ಅಲ್ಲಿ ಅದು ಹಿರಿಯನೊಬ್ಬನ ವ್ಯವಹಾರಜ್ಞಾನ ಮಾತ್ರ. ಅರಣ್ಯಕಾಂಡದ 11ನೆಯ ಅಧ್ಯಾಯದಲ್ಲಿ ದೇವರು ಮೋಶೆಯ ಮೇಲಿದ್ದ ಆತ್ಮದಲ್ಲೇ ಪಾಲು ತೆಗೆದು 70 ಹಿರಿಯರಿಗೆ ಕೊಡುತ್ತಾನೆ. ಜನರ ಭಾರ ಹೊರುವುದಕ್ಕೂ ದೇವರಾತ್ಮಕ್ಕೂ ನಂಟು ಬೆಳೆಯುವುದು ಇಲ್ಲಿ.

ನಿರ್ವಹಣೆಯಲ್ಲಿ ಪೌಲನೇ ಪಳಗಿದವನು. ಯೆರೂಸಲೇಮಿನ ಬಡವರಿಗಾಗಿ ಮೆಕೆದೋನ್ಯ, ಗಲಾತ್ಯ, ಅಖಾಯ ಪ್ರಾಂತಗಳ ಸಭೆಗಳಿಂದ ಅವನು ಕೂಡಿಸಿದ ಹಣದ ವಿವರ ಅವನ ಪತ್ರಿಕೆಗಳಲ್ಲಿ ಹರಡಿಕೊಂಡಿದೆ. ಕೊರಿಂಥದವರಿಗೆ ಅವನ ಸೂಚನೆ ಹೀಗಿದೆ: ಪ್ರತಿಯೊಬ್ಬನೂ ವಾರದ ಮೊದಲ ದಿನ ತನ್ನ ಸಂಪಾದನೆಗೆ ತಕ್ಕಷ್ಟು ತೆಗೆದಿಡಬೇಕು. ತಾನು ಬಂದ ಮೇಲೆ ವಸೂಲಿಗೆ ತೊಡಗುವಂತಾಗಬಾರದು. ಹಣ ಒಯ್ಯುವವರನ್ನು ಕೊರಿಂಥದವರೇ ಆರಿಸಬೇಕು. ಅವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ತೀತನ ಜೊತೆಗೆ ಇನ್ನಿಬ್ಬರು ಸಹೋದರರನ್ನು ಕಳಿಸುವಾಗ ಕಾರಣವನ್ನೂ ಬಿಚ್ಚಿಡುತ್ತಾನೆ: ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಮ್ಮ ಮೇಲೆ ಬೆರಳು ತೋರಿಸಬಾರದು, ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ನಡೆ ನೆಟ್ಟಗಿರಬೇಕು. ದೇವರಿಗೆ ಎಲ್ಲವೂ ಗೊತ್ತಿದೆ ಎಂಬ ಮಾತು ಲೆಕ್ಕಪುಸ್ತಕಕ್ಕೆ ಬದಲಿಯಾಗಲಾರದೆಂದು ಅವನು ಚೆನ್ನಾಗಿ ಬಲ್ಲ. ಆರಾಧನೆ ಮುಗಿದ ಮೇಲೆ ಕಾಣಿಕೆಯನ್ನು ಕಡೇಪಕ್ಷ ಇಬ್ಬರು ಕೂತು ಎಣಿಸಿ, ಪುಸ್ತಕದಲ್ಲಿ ಬರೆದು, ಇಬ್ಬರೂ ಸಹಿ ಹಾಕುವ ರೂಢಿಯ ಹಿಂದೆಯೂ ಇದೇ ವಿವೇಕವಿದೆ.

ಮೊದಲ ಶತಮಾನಗಳ ಸಭೆ ಬೆಳೆದಂತೆ ಈ ಕೆಲಸದ ಗಾತ್ರವೂ ಬೆಳೆಯಿತು. ಕ್ರಿ.ಶ. 251ರಲ್ಲಿ ರೋಮಿನ ಬಿಷಪ್ ಆದ ಕೊರ್ನೇಲಿಯ ಬರೆದ ಪತ್ರವೊಂದನ್ನು ಚರಿತ್ರೆಕಾರ ಯುಸೇಬಿಯಸ್ ಉಳಿಸಿದ್ದಾನೆ. ರೋಮಿನ ಸಭೆಯಲ್ಲಿ 46 ಹಿರಿಯರು, 7 ಸಭಾಸೇವಕರು, 7 ಉಪಸೇವಕರು ಇದ್ದರೆಂದೂ, ಸಭೆ ಸಾಕುತ್ತಿದ್ದ ವಿಧವೆಯರು ಮತ್ತು ದಿಕ್ಕಿಲ್ಲದವರ ಸಂಖ್ಯೆ 1500 ದಾಟಿತ್ತೆಂದೂ ಅದರಲ್ಲಿದೆ. ಕಾನೂನಿನ ಮನ್ನಣೆಯೇ ಇಲ್ಲದ, ಹಿಂಸೆಯ ಅಂಚಿನಲ್ಲಿ ಬದುಕುತ್ತಿದ್ದ ಸಮುದಾಯವೊಂದು ಅಷ್ಟು ಜನಕ್ಕೆ ಆಸರೆಯಾಗಬೇಕಾದರೆ ಹೆಸರಿನ ಪಟ್ಟಿ, ದಾಸ್ತಾನು, ಹಂಚುವ ಸರದಿ ಎಲ್ಲವನ್ನೂ ಯಾರೋ ನೋಡಿಕೊಳ್ಳುತ್ತಿದ್ದಿರಲೇಬೇಕು. ಅವರ ಹೆಸರುಗಳು ಉಳಿದಿಲ್ಲ.

ಆರನೆಯ ಶತಮಾನದ ಬೆನೆಡಿಕ್ಟನ ನಿಯಮಾವಳಿ ಮಠದ ಉಗ್ರಾಣ ನೋಡಿಕೊಳ್ಳುವ ಸನ್ಯಾಸಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ಅವನು ಮಿತಾಹಾರಿಯಾಗಿರಬೇಕು, ಅಹಂಕಾರಿಯಾಗಿರಬಾರದು, ದುಂದು ಮಾಡಬಾರದು, ಜಿಪುಣನೂ ಆಗಬಾರದು. ಕೇಳಿದ್ದನ್ನು ಕೊಡಲಾಗದಿದ್ದರೆ ಒಳ್ಳೆಯ ಮಾತನ್ನಾದರೂ ಆಡಬೇಕು. ಮಠದ ಪಾತ್ರೆ ಪಗಡಗಳನ್ನು ಬಲಿಪೀಠದ ಪಾತ್ರೆಗಳಷ್ಟೇ ಪವಿತ್ರವೆಂದು ಕಾಣಬೇಕು. ಕೆಲಸದಲ್ಲೇ ಭಕ್ತಿಯನ್ನು ಕಂಡ ಇದರ ನೋಟ ಅಪರೂಪದ್ದು. ನಂತರದ ಎಷ್ಟೋ ಸಭಾನಿಯಮಗಳಲ್ಲಿ ಅಧಿಕಾರದ ಮಿತಿಗಳು ಸಿಗುತ್ತವೆ, ಈ ಒಳ್ಳೆಯ ಮಾತು ಸಿಗುವುದಿಲ್ಲ.

ಲೆಕ್ಕದ ಕೆಲಸವೇ ಪಾಲನೆಯ ಕೆಲಸವಾಗಿ ತಿರುಗಿದ್ದೂ ಉಂಟು. 1742ರಲ್ಲಿ ಬ್ರಿಸ್ಟಲ್‌ನ ಮೆಥೊಡಿಸ್ಟರು ಕಟ್ಟಡದ ಸಾಲ ತೀರಿಸಲು ತಲೆಗೆ ವಾರಕ್ಕೊಂದು ಪೆನ್ನಿ ಕೂಡಿಸಲು ಯೋಚಿಸಿದರು. ಬಡವರಿಗೆ ಅದೂ ಕಷ್ಟವೆಂಬ ಮಾತು ಬಂದಾಗ ಒಬ್ಬರು, ತೀರಾ ಬಡವರಾದ ಹನ್ನೊಂದು ಮಂದಿಯನ್ನು ತಮಗೇ ಒಪ್ಪಿಸಬೇಕೆಂದೂ, ಅವರು ಕೊಡಲಾಗದಿದ್ದರೆ ಅವರ ಪಾಲನ್ನು ತಾವೇ ತುಂಬುವುದಾಗಿಯೂ ಹೇಳಿದರು. ಹೀಗೆ ಹನ್ನೆರಡು ಜನರ ಗುಂಪುಗಳಾದವು. ವಸೂಲಿಗೆಂದು ಮನೆಮನೆಗೆ ಹೋದವರಿಗೆ ಯಾರ ಮನೆಯಲ್ಲಿ ಕಾಯಿಲೆ, ಯಾರಲ್ಲಿ ಕುಡಿತ, ಯಾರ ವಿಶ್ವಾಸ ಕುಂದಿದೆ ಎಂಬುದೆಲ್ಲ ತಿಳಿಯತೊಡಗಿತು. ತಾನು ಬಹುಕಾಲ ಹುಡುಕುತ್ತಿದ್ದದ್ದು ಇದೇ ಎಂದು ಮೆಥೊಡಿಸ್ಟರ ಮುಂದಾಳು ಜಾನ್ ವೆಸ್ಲಿಗೆ ಅನ್ನಿಸಿತು; ಗುಂಪುಗಳೇ ಮೆಥೊಡಿಸ್ಟ್ ಚಳವಳಿಯ ಬೆನ್ನೆಲುಬಾದವು.

ಕರ್ನಾಟಕದ ಕರಾವಳಿಯಲ್ಲಿ 1834ರಿಂದ ನೆಲೆಯೂರಿದ ಬಾಸೆಲ್ ಮಿಷನ್ನಿನ ಮುಂದೆ ನಿರ್ವಹಣೆಯ ಪ್ರಶ್ನೆ ಇನ್ನೊಂದು ರೂಪದಲ್ಲಿ ಬಂತು. ಕ್ರೈಸ್ತರಾದವರು ಜಾತಿಯಿಂದ ಹೊರಬಿದ್ದು ಕಸುಬನ್ನೂ ಕಳೆದುಕೊಳ್ಳುತ್ತಿದ್ದರು. ಮುದ್ರಣಾಲಯ, ನೇಯ್ಗೆ, 1865ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆ ಇವು ಅವರಿಗೆ ದುಡಿಮೆ ಕೊಟ್ಟವು. ಹೆಂಚಿನ ಕೆಲಸಕ್ಕೆ ತೊಡಗಿದ ಜಾರ್ಜ್ ಪ್ಲೆಬ್ಸ್ಟ್‌ನಂಥವರನ್ನು ಮಿಷನ್ ಕಳಿಸಿದ್ದು ಉಪದೇಶಕ್ಕಲ್ಲ, ಕಸುಬಿಗೆ. ವ್ಯಾಪಾರ ಬೆಳೆದಂತೆ ಸುವಾರ್ತೆಗೆ ಬಂದವರಿಗೆ ಲಾಭನಷ್ಟದ ಗೊಡವೆ ಏಕೆಂಬ ಮುಜುಗರವೂ ಬೆಳೆಯಿತು. ವ್ಯಾಪಾರಕ್ಕೆಂದೇ 1859ರಲ್ಲಿ ಬೇರೆ ಕಂಪನಿಯೊಂದು ಹುಟ್ಟಿತು. ಮುಜುಗರ ಪೂರ್ತಿ ಹೋಗಲಿಲ್ಲ. ಅದು ಹೋಗದಿದ್ದದ್ದೇ ಒಳ್ಳೆಯದಾಯಿತೆನ್ನಬೇಕು.

ಕಚೇರಿ ನಡೆಸುವ ಜಾಣ್ಮೆಗೂ ಈ ವರಕ್ಕೂ ವ್ಯತ್ಯಾಸವೇನು? ಒಳ್ಳೆಯ ಮ್ಯಾನೇಜರ್ ಅವಿಶ್ವಾಸಿಯೂ ಆಗಿರಬಹುದಲ್ಲ? ಸ್ವಾಭಾವಿಕ ಸಾಮರ್ಥ್ಯವೂ ದೇವರು ಕೊಟ್ಟದ್ದೇ, ಆತ್ಮನು ಅದನ್ನೇ ಸಭೆಯನ್ನು ಕಟ್ಟಲು ಬಳಸುತ್ತಾನೆಂಬುದು ಹೆಚ್ಚಿನವರು ಒಪ್ಪುವ ಉತ್ತರ. ಹಾಗಾದರೆ ವ್ಯತ್ಯಾಸ ನೈಪುಣ್ಯದಲ್ಲಿಲ್ಲ, ಅದು ಯಾರಿಗಾಗಿ ದುಡಿಯುತ್ತದೆ ಎಂಬುದರಲ್ಲಿದೆ. ಪಾಲು ತಪ್ಪಿದವರಿಗೆ ಪಾಲು ಮುಟ್ಟಿಸುವ ನಿರ್ವಹಣೆ ವರ. ವ್ಯವಸ್ಥೆ ತನ್ನನ್ನೇ ಸಾಕಿಕೊಳ್ಳತೊಡಗಿದರೆ ಎಷ್ಟು ಅಚ್ಚುಕಟ್ಟಾದರೂ ಬರೀ ಆಡಳಿತ. ಈ ವರ ಯಾರಿಗೆ ಸೇರಿದ್ದೆಂಬುದರಲ್ಲಿ ಎಲ್ಲರ ಓದು ಒಂದೇ ಅಲ್ಲ. ಸುಧಾರಕ ಕ್ಯಾಲ್ವಿನನು ಅದನ್ನು ಶಿಸ್ತು ನೋಡಿಕೊಳ್ಳುವ ಸಭಾಹಿರಿಯರ ಹುದ್ದೆಯೆಂದೇ ಓದಿದ. ಎರಡನೆಯ ವ್ಯಾಟಿಕನ್ ಸಮ್ಮೇಳನ 1964ರಲ್ಲಿ, ಆತ್ಮನ ವರಗಳು ಅಸಾಧಾರಣವಾಗಿಯೇ ಇರಬೇಕಿಲ್ಲ, ಸರಳವೂ ಸಾಮಾನ್ಯವೂ ಆದವು ಎಲ್ಲ ದರ್ಜೆಯ ವಿಶ್ವಾಸಿಗಳಿಗೂ ಸಿಗುತ್ತವೆಂದಿತು.

ಈ ವರಕ್ಕೆ ಅದರದ್ದೇ ಅಪಾಯವೂ ಇದೆ. ಕೆಲಸವೇ ಮನುಷ್ಯನನ್ನು ನುಂಗುವ ಆ ಅಪಾಯವನ್ನು ಹನ್ನೆರಡನೆಯ ಶತಮಾನದಲ್ಲಿ ಕ್ಲೇರ್ವೋ ಮಠದ ಬರ್ನಾರ್ಡ್ ತನ್ನ ಶಿಷ್ಯನೇ ಆಗಿದ್ದ ಪೋಪ್ ಮೂರನೆಯ ಯುಜೀನನಿಗೆ ಬರೆದು ತಿಳಿಸಿದ. ಬೆಳಗಿನಿಂದ ರಾತ್ರಿಯವರೆಗೆ ವ್ಯಾಜ್ಯ ಕೇಳುತ್ತಾ ಕೂತವನಿಗೆ ಧ್ಯಾನಕ್ಕೆ, ಪ್ರಾರ್ಥನೆಗೆ ಹೊತ್ತೆಲ್ಲಿ ಎಂಬುದು ಅವನ ಕಳವಳ.

ಇನ್ನು ವರ ಇರುವುದು ಒಬ್ಬರಲ್ಲಿ, ಹುದ್ದೆ ಇರುವುದು ಇನ್ನೊಬ್ಬರಲ್ಲಿ ಎಂಬ ಸ್ಥಿತಿ ಎಲ್ಲ ಸಭೆಗಳಿಗೂ ಪರಿಚಿತ. ಕಮಿಟಿಯ ಚುನಾವಣೆಯಲ್ಲಿ ಗೆದ್ದವರಿಗೆ ಮತಗಳ ಜೊತೆಗೆ ವರವೂ ಬರುವುದಿಲ್ಲ. ಕಮಿಟಿಗಳಲ್ಲಿ ಬಹುಕಾಲ ಜಾಗ ಸಿಗದಿದ್ದ ಹೆಂಗಸರು ಸ್ತ್ರೀಯರ ಕೂಟಗಳಲ್ಲಿ ಇದೇ ಕೆಲಸವನ್ನು ನಡೆಸಿಕೊಂಡು ಬಂದಿದ್ದಾರೆ. ಪೌಲನ ಪಟ್ಟಿಯಲ್ಲಿ ಈ ವರ ಗಂಡಸರಿಗೆಂದು ಎಲ್ಲೂ ಇಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಅವನು ಮೊದಲು ಹೆಸರಿಸುವುದೇ ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯನ್ನು: ಆಕೆ ಅನೇಕರಿಗೂ ತನಗೂ ಆಸರೆಯಾದವಳು, ಆಕೆಗೆ ಬೇಕಾದ ಸಹಾಯವನ್ನೆಲ್ಲ ಮಾಡಿರೆಂದು ಸಭೆಯನ್ನು ಕೇಳಿಕೊಳ್ಳುತ್ತಾನೆ.