ನೂಲಿನ ತುದಿ

ಅಪ್ಪನ ಎರಡನೇ ವರ್ಷದ ತಿಥಿಗೆ ಇನ್ನು ಎಂಟು ದಿನ ಇತ್ತು. ಆಗಲೇ ಅವರ ಯೆಜ್ಡಿ ಬೈಕು ಎಡಗಡೆಯಿಂದ ಸೋರತೊಡಗಿತು. ಹೊಗೆ ಬರುತ್ತಿದ್ದದ್ದು ಸೈಲೆನ್ಸರಿನ ಹಿಂಬಾಯಿಂದಲ್ಲ, ಮುಂದೆ, ಬೆಂಡ್ ಪೈಪು ಸಿಲಿಂಡರಿಗೆ ಕೂರುವ ಜಾಗದಿಂದ. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಿಂದ ಮನೆ ಸೇರುವಷ್ಟರಲ್ಲಿ ಪ್ಯಾಂಟಿನ ಮೇಲೆ ಕರಿ ಚುಕ್ಕೆಗಳು. ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸುತ್ತೇವೆ. ಉರಿಯದೆ ಉಳಿದ ಆಯಿಲು ಎಲ್ಲಿ ಸಂದಿ ಸಿಕ್ಕಿದರೆ ಅಲ್ಲಿಂದ ಹೊರಗೆ ಬರುತ್ತದೆ. ಇಳಿಜಾರಿನಲ್ಲಿ ಥ್ರಾಟಲ್ ಬಿಟ್ಟರೆ ಪಟಪಟ ಅನ್ನುವ ಒಣ ಸದ್ದು ಬೇರೆ. ಯೆಜ್ಡಿಯ ತುಂಬಿದ ಸದ್ದು ಕೇಳಿ ಬೆಳೆದವನಿಗೆ ಅದು ಮನೆಯವರೊಬ್ಬರು ಕೆಮ್ಮಿದ ಹಾಗೆ ಕೇಳಿಸುತ್ತದೆ.

ಅಮ್ಮನಿಗೂ ಕೇಳಿಸಿತು. ಒಳಗಿಂದ ಬಂದು ಹೊಸ್ತಿಲ ಮೇಲೆ ನಿಂತು, "ನಿಮ್ಮಪ್ಪನಿಗೆ ಸಮಾಧಾನ ಆಗಿಲ್ಲ ಕಣಪ್ಪಾ" ಅಂದಳು. ನಮ್ಮ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಅವಳು ಹೇಳಿದ್ದು ತೆಲುಗಿನಲ್ಲಿ. ಹೋದ ವರ್ಷ ನಾನು ತಿಥಿಯನ್ನು ನಾಲ್ಕು ದಿನ ಮುಂದಕ್ಕೆ ಹಾಕಿದ್ದೆ. ನೂಲು ಬಿಚ್ಚುವ ಒಲೆ ಹಚ್ಚಿದ ಮೇಲೆ ಗೂಡು ಕಾಯುವುದಿಲ್ಲ, ಕೆಲಸದವರೂ ಕಾಯುವುದಿಲ್ಲ ಅನ್ನುವುದು ನನ್ನ ಕಾರಣ. ಅಮ್ಮ ಆಗ ಏನೂ ಅಂದಿರಲಿಲ್ಲ. ಈಗ ಈ ಸದ್ದಿನಲ್ಲಿ ಅವಳಿಗೆ ಒಂದು ದೂರು ಕೇಳಿಸುತ್ತಿತ್ತು, ನಿಜ ಹೇಳಬೇಕೆಂದರೆ ನನಗೂ.

ಕೆಟ್ಟದ್ದು ಆದಾಗ ಅದು ಯಾರೋ ನಮಗೆ ಹೇಳಿಕಳಿಸಿದ ಮಾತೇ? ಈ ಪ್ರಶ್ನೆ ನನ್ನನ್ನು ಅವತ್ತು ಹಿಡಿದುಕೊಂಡಿತು.

ನಮ್ಮ ಸೀಮೆಯಲ್ಲಿ ಇದಕ್ಕೆ ಉತ್ತರ ಕೇಳಲು ಇಬ್ಬರ ಹತ್ತಿರ ಹೋಗಬಹುದು. ಒಬ್ಬರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ. 1920ರಲ್ಲಿ ಬಡವರ ಮನೆಯಲ್ಲಿ ಹುಟ್ಟಿ, ಓದಲೆಂದು 1935ರಲ್ಲಿ ನಡೆದುಕೊಂಡೇ ಬೆಂಗಳೂರು ಸೇರಿದವರು. ಮುಂದೆ ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತಶಾಸ್ತ್ರ ಓದಿ ಬಂದು, ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ ಖಾದಿ ಪಂಚೆಯುಟ್ಟು ಬಾಳಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದರು. ಅವರ ಆತ್ಮಕಥೆ 'ಹೋರಾಟದ ಹಾದಿ' ನನ್ನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇರುತ್ತದೆ.

ಇನ್ನೊಬ್ಬರು ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯ, ಯೋಗಿ ನಾರೇಯಣರು. ಬಳೆ ಮಾರುತ್ತಿದ್ದ ಮನುಷ್ಯ. ಗುರುಗಳು ಒಂದು ಕಲ್ಲು ಕೊಟ್ಟು, ಇದನ್ನು ಬಾಯಲ್ಲಿಟ್ಟುಕೊಂಡು ಜಪ ಮಾಡು, ಇದು ಕಲ್ಲುಸಕ್ಕರೆ ಆಗುವವರೆಗೆ ಬಿಡಬೇಡ ಅಂದರಂತೆ. ಗುಹೆಯಲ್ಲಿ ಕೂತು ಹಾಗೇ ಮಾಡಿದರಂತೆ, ಕಲ್ಲು ಸಕ್ಕರೆಯಾಯಿತಂತೆ. ಅಪ್ಪ ಈ ಕಥೆಯನ್ನು 'ಅಂತೆ' ಇಲ್ಲದೆ ಹೇಳುತ್ತಿದ್ದರು.

ನಾನು ಇಬ್ಬರನ್ನೂ ಬಿಡಲಾರದವನು. ಒಬ್ಬರ ಎದುರು ಇನ್ನೊಬ್ಬರನ್ನು ನಿಲ್ಲಿಸಿದಾಗಲೆಲ್ಲ ನನ್ನೊಳಗೇ ಏನೋ ಸೀಳುತ್ತದೆ. ಆದ್ದರಿಂದ ಈ ಸಲ ಪುಸ್ತಕವನ್ನೂ ತೆರೆಯಲಿಲ್ಲ, ಕೈವಾರಕ್ಕೂ ಹೋಗಲಿಲ್ಲ. ಗಾಡಿಯ ಪಕ್ಕ ಕೂತೆ.

ನಮ್ಮದು ನೂಲು ಬಿಚ್ಚುವ ಕಸುಬು. ಕುದಿಯುವ ನೀರಿನಲ್ಲಿ ಗೂಡು ಮೆತ್ತಗಾದ ಮೇಲೆ ಮೊದಲು ಸಿಗುವುದು ಎಳೆಯಲ್ಲ, ಮೇಲಿನ ಜುಂಗು. ಅದು ಯಾವ ಕಡೆ ಎಳೆದರೂ ಬರುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಅದನ್ನು ತೆಗೆದು ಹಾಕಿದರೆ ಒಂದೇ ಒಂದು ನಿಜವಾದ ತುದಿ ಸಿಗುತ್ತದೆ. ಅದು ಸಿಕ್ಕರೆ ನೂರಾರು ಮೀಟರ್ ನೂಲು ತಾನಾಗಿ ಬಿಚ್ಚಿಕೊಳ್ಳುತ್ತದೆ. ನಾನು ಎಂಟು ವರ್ಷದ ಹುಡುಗನಾಗಿದ್ದಾಗ ಅಪ್ಪ ನನಗೆ ಕಲಿಸಿದ ಮೊದಲ ವಿದ್ಯೆ ಇದು. ಶನಿ, ದೃಷ್ಟಿ, ತಿಥಿ ತಡವಾದದ್ದು, ಇವೆಲ್ಲ ಜುಂಗೋ ತುದಿಯೋ ಎಂದು ನೋಡಬೇಕಿತ್ತು.

ಇಂಜಿನ್ ತಣ್ಣಗಿರುವಾಗ ಬಟ್ಟೆಯಿಂದ ಒರೆಸಿ, ಕಿಕ್ ಹೊಡೆದು, ಎಡ ಸೈಲೆನ್ಸರಿನ ಹಿಂಬಾಯನ್ನು ದಪ್ಪ ಬಟ್ಟೆಯಿಂದ ಒಂದು ಕ್ಷಣ ಒತ್ತಿ ಹಿಡಿದೆ. ಹಿಂದೆ ದಾರಿ ಇಲ್ಲದಾಗ ಹೊಗೆ ತನ್ನ ಕಳ್ಳದಾರಿಯನ್ನು ತಾನೇ ತೋರಿಸುತ್ತದೆ. ಯೆಜ್ಡಿಗೆ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು, ಬಲಗಡೆಯದು ಸುಮ್ಮನಿತ್ತು. ಎಡಗಡೆ, ಪೈಪನ್ನು ಸಿಲಿಂಡರಿಗೆ ಬಿಗಿಯುವ ರಿಂಗ್ ನಟ್ಟಿನ ಕೆಳಭಾಗದಲ್ಲಿ ಬುಸ್ ಅಂದಿತು. ಅಲ್ಲಿ ಕೈಯ ಹಿಂಬದಿ ಹಿಡಿದರೆ ಬಿಸಿ ಗಾಳಿ ತಗುಲಿತು.

ನಟ್ಟು ಕದಲಲಿಲ್ಲ. ನಮ್ಮ ಮೆಕ್ಯಾನಿಕ್ ಭಾಯ್ ಹುಕ್ ಸ್ಪ್ಯಾನರ್ ಕೊಟ್ಟು ಕಳಿಸುವಾಗ, "ಜೋರು ಮಾಡ್ಬೇಡಿ ಅಣ್ಣಾ, ಸೀಮೆಎಣ್ಣೆ ಹಾಕಿ ಕೂತ್ಕೊಳಿ" ಅಂದಿದ್ದರು. ದಿನಾ ಸಂಜೆ ಒಲೆ ಆರಿದ ಮೇಲೆ ಸೀಮೆಎಣ್ಣೆ ಹನಿಸುತ್ತಿದ್ದೆ. ಮೂರನೇ ಸಂಜೆ ಆ ಕಲ್ಲಿನ ಕಥೆ ನೆನಪಾಯಿತು. ಕಲ್ಲು ಸಕ್ಕರೆಯಾಗುವುದನ್ನು ನರಸಿಂಹಯ್ಯನವರು ಒಪ್ಪುತ್ತಿರಲಿಲ್ಲ, ಅವರು ಒಪ್ಪದಿದ್ದದ್ದೇ ಸರಿ. ಆದರೆ ಸಂಸಾರ ನಡೆಸಲು ಬೀದಿ ಬೀದಿ ಅಲೆಯುತ್ತಿದ್ದ ಒಬ್ಬ ಬಳೆಗಾರ ಬಾಯಲ್ಲಿ ಕಲ್ಲಿಟ್ಟುಕೊಂಡು ವರ್ಷಗಟ್ಟಲೆ ಒಂದೇ ಕಡೆ ಕೂತ ಅನ್ನುವುದನ್ನು ಮರೆತು ಸಕ್ಕರೆಯನ್ನಷ್ಟೇ ನೆನಪಿಟ್ಟುಕೊಂಡವರು ನಾವು, ಭಕ್ತರು. ಮೊದಲ ದಿನ ಸಿಹಿ ಸಿಗಲಿಲ್ಲ ಎಂದು ಅವರು ಕಲ್ಲನ್ನು ಉಗುಳಲಿಲ್ಲ. ಸಿಹಿಯಾಗಿದೆ ಎಂದು ಸುಳ್ಳು ಹೇಳಲೂ ಇಲ್ಲ. ಪ್ರಯೋಗಶಾಲೆಯಲ್ಲಿ ಕೂರುವವನಿಗೂ ಈ ಎರಡು ಗುಣ ಬೇಕು. ಹೊಸೂರಿನಿಂದ ಬೆಂಗಳೂರಿಗೆ ನಡೆದ ಹುಡುಗನಲ್ಲೂ ಇವೇ ಇದ್ದವು ಅಂತ ನನ್ನ ನಂಬಿಕೆ.

ನಾಲ್ಕನೇ ಸಂಜೆ ನಟ್ಟು ಬಿಟ್ಟುಕೊಂಡಿತು. ತೊಳೆದು ಬೆಳಕಿಗೆ ಹಿಡಿದೆ. ಹುಕ್ ಸ್ಪ್ಯಾನರ್ ಕೂರುವ ಕಚ್ಚುಗಳಲ್ಲಿ ಮೂರು ಮುರಿದಿದ್ದವು, ಸುತ್ತ ಚಾಣದ ಏಟುಗಳು. ಸಿಲಿಂಡರಿನ ಮೂತಿಯ ಮೊದಲ ಥ್ರೆಡ್ಡು ಓರೆಯಾಗಿ ಜಜ್ಜಿಹೋಗಿತ್ತು. ಒಳಗೆ ವಾಷರ್ ಇರಬೇಕಾದ ಕಡೆ ಬೂದಿಬಣ್ಣದ ಆಸ್ಬೆಸ್ಟಾಸ್ ದಾರ, ಸುಟ್ಟು ಪುಡಿಯಾಗಿದ್ದದ್ದು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಒದ್ದೆ ಮಾಡಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ತೆಗೆದೆ.

ಯಾರ ಕೈ ಇದು ಎಂದು ಸಿಟ್ಟು ಬಂತು. ಮರುಕ್ಷಣವೇ ಯಾರ ಕೈ ಎಂದು ಗೊತ್ತಾಯಿತು.

1998. ನನಗೆ ಹನ್ನೆರಡು ವರ್ಷ. ಅಪ್ಪನ ಜೊತೆ ಕೈವಾರಕ್ಕೆ ಹೋಗಿ ವಾಪಸ್ ಬರುತ್ತಿದ್ದೆ. ದಾರಿಯಲ್ಲಿ ಈ ನಟ್ಟು ಪೂರ್ತಿ ಸಡಿಲವಾಗಿ ಪೈಪು ಜೋತುಬಿತ್ತು. ಕತ್ತಲಾಗುತ್ತಿತ್ತು. ಅಪ್ಪನ ಹತ್ತಿರ ಸರಿಯಾದ ಸ್ಪ್ಯಾನರ್ ಇರಲಿಲ್ಲ. ರಸ್ತೆಬದಿಯ ಪಂಕ್ಚರ್ ಅಂಗಡಿಯಿಂದ ಚಾಣ, ಸುತ್ತಿಗೆ, ಒಂದು ಮೊಳ ದಾರ ತಂದು, ದಾರ ಸುತ್ತಿ, ಚಾಣ ಇಟ್ಟು ಹೊಡೆದು ಹೊಡೆದು ಬಿಗಿ ಮಾಡಿದರು. ಟಾರ್ಚ್ ಹಿಡಿದಿದ್ದವನು ನಾನೇ. ನನಗೆ ಹೆದರಿಕೆಯಾಗಿ ಕೈ ನಡುಗುತ್ತಿತ್ತು. "ನೆಟ್ಟಗೆ ಹಿಡಿ ಮಗಾ" ಅನ್ನುತ್ತಿದ್ದರು. ಮನೆ ಸೇರಿದ ಮೇಲೆ ತಾತಯ್ಯನ ಪಟಕ್ಕೆ ಕೈಮುಗಿದು, ಎಲ್ಲ ಅವನ ದಯೆ ಅಂದರು.

ಅಂದರೆ ಅಮ್ಮ ಹೇಳಿದ್ದರಲ್ಲಿ ಒಂದು ಸತ್ಯ ಇತ್ತು. ಸೋರಿಕೆ ಅಪ್ಪನಿಂದಲೇ ಬಂದದ್ದು. ಸತ್ತ ಅಪ್ಪನ ಮುನಿಸಿನಿಂದಲ್ಲ, ಬದುಕಿದ್ದ ಅಪ್ಪನ ಅವಸರದಿಂದ, ನನ್ನನ್ನು ಪೂರ್ತಿ ಕತ್ತಲಾಗುವ ಮುಂಚೆ ಮನೆ ಸೇರಿಸುವ ಆತುರದಿಂದ. ಓರೆ ಕೂತ ನಟ್ಟು ಎಷ್ಟೋ ವರ್ಷ ತಡೆದುಕೊಂಡು ಈಗ ಕೈಬಿಟ್ಟಿತ್ತು. ಕರ್ಮ ಅನ್ನುವ ಮಾತನ್ನು ಜನ್ಮಜನ್ಮಾಂತರಕ್ಕೆ ಎಳೆದುಕೊಂಡು ಹೋಗಿ ನಾವು ಅದನ್ನು ನೋಡಲಾಗದಷ್ಟು ದೂರ ಮಾಡಿದ್ದೇವೆ. ಇಲ್ಲಿ ಅದು ಬೆರಳಿಗೆ ತಗುಲುವಷ್ಟು ಹತ್ತಿರ ಇತ್ತು: ಮಾಡಿದವರು ಒಬ್ಬರು, ಟಾರ್ಚ್ ನಡುಗಿಸಿದವನು ಒಬ್ಬ, ಅನುಭವಿಸುವ ಗಾಡಿ ಒಂದು. ಇದರಲ್ಲಿ ಶಿಕ್ಷೆ ಕೊಡುವವರು ಯಾರೂ ಕಾಣಲಿಲ್ಲ. ಅದನ್ನು ದೇವರ ಮಾತು, ಪಿತೃಗಳ ಮಾತು ಅಂದುಕೊಂಡಿದ್ದರೆ ನಾನು ಈ ನಟ್ಟನ್ನು ಬಿಚ್ಚುತ್ತಲೇ ಇರಲಿಲ್ಲ. ಅಪ್ಪನ ಆ ಸಂಜೆ ನನಗೆ ಸಿಗುತ್ತಲೂ ಇರಲಿಲ್ಲ. ಅರ್ಥ ಹುಡುಕುವ ಆತುರ ಕಾರಣವನ್ನು ನುಂಗಿಬಿಡುತ್ತದೆ. ಕಾರಣವನ್ನು ಕೊನೆವರೆಗೆ ಹುಡುಕಿದರೆ ಅರ್ಥವೂ ಅದರ ಹಿಂದೆಯೇ ಇರುತ್ತದೆ ಎಂದು ನನಗೆ ಅವತ್ತು ಅನ್ನಿಸಿತು.

ಉಳಿದದ್ದು ಕೆಲಸ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಈ ಗಾಡಿ 1984ರದು. ನಟ್ಟಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆ ಅಲೆದು ಒಂದು ಹಳೆಯ ಒಳ್ಳೆಯ ನಟ್ಟು ತಂದೆ. ಮೂರು ಮೂಲೆಯ ಅರದಿಂದ ಥ್ರೆಡ್ಡನ್ನು ಒಂದೊಂದೇ ಗೆರೆ ತಿದ್ದಿದೆ. ಚಿಂತಾಮಣಿಯ ಲೇತ್‌ನವರು ತಾಮ್ರದ ರಿಂಗ್ ಕಡೆದುಕೊಟ್ಟರು. ಅದನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆ. ಅದೇ ಬೆಂಕಿ ಅದೇ ನೀರಿಗೆ ಚಾಣದ ಉಕ್ಕು ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಮೆತ್ತಗಾದದ್ದೇ ಸಂದಿಗೆ ಹೊಂದಿಕೊಂಡು ಕೂರುತ್ತದೆ. ನಟ್ಟನ್ನು ಮೊದಲು ಬರೀ ಬೆರಳಿನಿಂದ ತಿರುಗಿಸಿದೆ. ಬೆರಳಿಗೆ ಬರದ ನಟ್ಟಿಗೆ ಸ್ಪ್ಯಾನರ್ ಹಾಕಬಾರದು.

ಅಷ್ಟು ಹೊತ್ತಿಗೆ ತಿಥಿಯ ದಿನ ಬಂದಿತ್ತು. ಈ ವರ್ಷ ಸರಿಯಾದ ದಿನಕ್ಕೇ ಮಾಡಿದೆ. ಒಲೆ ಹಚ್ಚಲಿಲ್ಲ. ಎಳ್ಳುನೀರು ಬಿಡುವಾಗ ಗಾಡಿಯ ಬಗ್ಗೆ ನಾನು ಏನೂ ಕೇಳಿಕೊಳ್ಳಲಿಲ್ಲ. ಬೆರಳ ಸಂದಿಯಲ್ಲಿ ಇನ್ನೂ ಕರಿ ಇತ್ತು, ಪುರೋಹಿತರು ನೋಡಿ ಸುಮ್ಮನಾದರು.

ಮಾರನೇ ದಿನ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಕೈವಾರಕ್ಕೆ ಹೊರಟೆ. ಊರು ಹತ್ತಿರ ಬಂದಾಗ ರಸ್ತೆಬದಿಯ ಹುಣಸೆಮರದ ಕೆಳಗೆ ನಿಲ್ಲಿಸಿ ಸ್ಪ್ಯಾನರ್ ತೆಗೆದೆ.

"ಮತ್ತೆ ಸೋರ್ತಾ ಇದೆಯಾ?" ಅಂದಳು.

"ಇಲ್ಲಮ್ಮ. ಬಿಸಿಯಾದ ಮೇಲೆ ತಾಮ್ರ ಕೂರುತ್ತೆ, ಇನ್ನೊಂಚೂರು ಬಿಗಿ ಮಾಡಬೇಕು." ಇದೇ ಜಾಗದ ಹಳೆ ನಟ್ಟಿಗೆ ಅಪ್ಪ ಚಾಣ ಹೊಡೆದ ಸಂಜೆಯನ್ನೂ ಹೇಳಿದೆ.

ಅವಳು ಬಗ್ಗಿ ನೋಡಿದಳು. "ನಂಗೆ ಹೇಳೇ ಇರಲಿಲ್ಲ ಅವರು" ಅಂದಳು. ಆಮೇಲೆ ಸೆರಗು ಒಟ್ಟುಮಾಡಿಕೊಂಡು, ನಾನು ಮಾಡಿದ ಹಾಗೇ, ಕೈಯ ಹಿಂಬದಿಯನ್ನು ನಟ್ಟಿನ ಕೆಳಗೆ ಸ್ವಲ್ಪ ದೂರದಲ್ಲಿ ಹಿಡಿದು ನೋಡಿದಳು.