ಬೇರಿಗೆ ದಾರಿ ಬಿಟ್ಟವರು ಯಾರು?

ಬಚ್ಚಲ ನೀರು ಹಿಂದಕ್ಕೆ ಒತ್ತಿ ಬರುತ್ತದೆ. ಚೇಂಬರಿನ ಮುಚ್ಚಳ ಎತ್ತಿದರೆ ಒಳಗೆ ಜಡೆಗಟ್ಟಿದ ಬೇರು. ಆಗ ಮೊದಲು ಬರುವ ಮಾತು, ‘ಮರ ಕಡಿಸಿಬಿಡಿ’. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಳ್ಳಾರಿಯಲ್ಲಿ ಮನೆ ಮುಂದಿನ ಬೇವು, ಹೊಂಗೆಯ ನೆರಳಿನ ಬೆಲೆ ಆ ಮಾತಾಡಿದವರಿಗೂ ಗೊತ್ತು. ಆದರೂ ಕೊಡಲಿಯೇ ಮೊದಲು ನೆನಪಾಗುತ್ತದೆ. ಮರದ ಮೇಲೆ ಹೊರಿಸುವ ಈ ತಪ್ಪು ಬಹುಪಾಲು ಪೈಪಿನದು.

ಗಟ್ಟಿ ಪೈಪನ್ನು ಬೇರು ಸಾಮಾನ್ಯವಾಗಿ ಒಡೆಯುವುದಿಲ್ಲ. ಜಾಯಿಂಟ್ ಸಡಿಲಾದ ಕಡೆ ನೀರು ಜಿನುಗುತ್ತದೆ. ಬೇರಿನ ತುದಿ ತೇವದತ್ತ ತಿರುಗಿ ಬೆಳೆಯುತ್ತದೆ. ಕೂದಲೆಳೆಯಷ್ಟು ಸಂದಿ ಸಿಕ್ಕರೂ ಸಾಕು, ಒಳಹೊಕ್ಕು ಕವಲೊಡೆದು ಬಲೆಯಾಗುತ್ತದೆ. ತಲೆಗೂದಲು, ಅಡುಗೆಮನೆಯ ಜಿಡ್ಡು, ಬಟ್ಟೆಯ ಚೂರು ಅದಕ್ಕೆ ಸಿಕ್ಕಿ ಪೈಪು ಕಟ್ಟಿಕೊಳ್ಳುತ್ತದೆ.

ಸಂದಿ ಬಿಡಿಸುವುದು ಹೆಚ್ಚಾಗಿ ನಮ್ಮ ಎರೆಮಣ್ಣು. ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುವ ಅದರ ಗುಣವನ್ನು ಸಿರುಗುಪ್ಪದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಮಣ್ಣು ಮನೆಯಡಿಯ ಪೈಪನ್ನೂ ವರ್ಷ ವರ್ಷ ಎತ್ತಿ ಇಳಿಸುತ್ತದೆ. ಹಳೆಯ ಸ್ಟೋನ್‌ವೇರ್ ಪೈಪಿಗೆ ಎರಡು ಮೂರು ಅಡಿಗೊಂದು ಸಿಮೆಂಟ್ ಜಾಯಿಂಟ್. ಬಿರುಸಾದ ಸಿಮೆಂಟು ಈ ಅಲುಗಾಟ ತಾಳದು. ಕುರುಗೋಡಿನ ಬೆಟ್ಟದ ಬದಿಯಂಥ ಕಡೆ ಬಂಡೆ ಬೇಗ ಸಿಕ್ಕಿ ಕಾಲುವೆ ಆಳ ತೋಡಲಾಗದಿದ್ದರೆ ಪೈಪು ಮೇಲುಮೇಲೆಯೇ ಉಳಿಯುತ್ತದೆ. ಮರದ ಸಣ್ಣ ಬೇರುಗಳು ಹೆಚ್ಚಾಗಿ ಹರಡುವುದೂ ಆ ಮೇಲ್ಪದರದಲ್ಲೇ.

ಮೈಲುತುತ್ತ ಸುರಿಯಿರಿ ಎಂದು ಸಲಹೆ ಕೊಡುವವರಿದ್ದಾರೆ. ತಾಗಿದಷ್ಟು ಬೇರು ಸಾಯುತ್ತದೆ, ನಿಜ. ಆದರೆ ಅದರಲ್ಲಿರುವ ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ಸೆಪ್ಟಿಕ್ ಟ್ಯಾಂಕಿಗೆ ಸೇರಿದರೆ ಅಲ್ಲಿ ಮಲ ಕರಗಿಸುವ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ. ಜೆಟ್ಟಿಂಗ್ ಮಷಿನ್ನಿನ ನೀರಿನ ಒತ್ತಡಕ್ಕೋ ತಿರುಗುವ ಬ್ಲೇಡಿಗೋ ಬೇರು ಕತ್ತರಿಸಿಹೋಗುತ್ತದೆ, ಸಂದಿ ಹಾಗೇ ಉಳಿದರೆ ಮತ್ತೆ ಬರುತ್ತದೆ.

ಇದೆಲ್ಲಕ್ಕಿಂತ ನನ್ನನ್ನು ಕಾಡುವುದು, ಕೈಯಲ್ಲಿ ನೂರಿನ್ನೂರು ರೂಪಾಯಿ ಇಟ್ಟು ‘ಸ್ವಲ್ಪ ಒಳಗಿಳಿದು ಕಿತ್ತು ಹಾಕಪ್ಪ’ ಎನ್ನುವ ನಮ್ಮ ರೂಢಿ. ಮ್ಯಾನ್‌ಹೋಲಿನಲ್ಲಿ ನಿಂತ ಹೈಡ್ರೋಜನ್ ಸಲ್ಫೈಡ್ ಅನಿಲ ಮೂಗಿನ ಘ್ರಾಣಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ಹೋಯಿತು, ಅಪಾಯ ತಪ್ಪಿತು ಎಂದುಕೊಂಡ ಹೊತ್ತಿಗೆ ಜೀವ ಹೋಗಿರಬಹುದು. ತಲೆಯ ಮೇಲೆ ಮಲ ಹೊರಿಸುವುದನ್ನು 1970ರ ದಶಕದಲ್ಲೇ ಆಗಿನ ಸಚಿವ ಬಿ. ಬಸವಲಿಂಗಪ್ಪ ನಿಷೇಧಿಸಿದ ನಾಡಿದು. ಆ ಪದ್ಧತಿಯ ವಿರುದ್ಧ ಹೋರಾಡುವ ಸಫಾಯಿ ಕರ್ಮಚಾರಿ ಆಂದೋಲನದ ಬೆಜವಾಡ ವಿಲ್ಸನ್ ಹುಟ್ಟಿದ್ದೂ ಇದೇ ನಾಡಿನ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಸುರಕ್ಷಾ ಸಾಧನವಿಲ್ಲದೆ ಯಾರನ್ನೂ ಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸಬಾರದು ಎನ್ನುತ್ತದೆ. ಇದು ನಗರಸಭೆ, ಗುತ್ತಿಗೆದಾರರಿಗಷ್ಟೇ ಅಲ್ಲ, ಮನೆಯ ಯಜಮಾನರಿಗೂ ಅನ್ವಯ. ಮೊದಲ ಸಲದ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಹೀಗೆ ಚರಂಡಿಗಿಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಯಂತ್ರ ಬರಲು ಎರಡು ದಿನ ಹಿಡಿದರೆ ಕಾಯೋಣ, ಪಕ್ಕದ ಮನೆಯ ಪಾಯಿಖಾನೆ ಕೇಳಿ ಬಳಸೋಣ.

ಬೇರು ತೆಗೆಸಿದ ಮೇಲೆ ಅದು ಹೊಕ್ಕ ಜಾಗ ಹುಡುಕಿ, ಅಷ್ಟು ಭಾಗ ಅಗೆಸಿ, ರಬ್ಬರ್ ರಿಂಗಿನ ಪಿವಿಸಿ ಪೈಪು ಹಾಕಿಸಬೇಕು. ಆ ರಿಂಗು ಮಣ್ಣಿನೊಂದಿಗೆ ಕೊಂಚ ಅಲುಗಿದರೂ ಬಾಯಿ ಬಿಡುವುದಿಲ್ಲ. ಕೆಳಗೆ, ಸುತ್ತ ಎರೆಮಣ್ಣಿನ ಬದಲು ಮರಳು ತುಂಬಿಸಿ, ಇಳಿಜಾರು ಸರಿ ಇದೆಯೇ ನೋಡಬೇಕು. ಮುಚ್ಚುವ ಮೊದಲು, ಕಾಂಪೌಂಡ್ ಗೋಡೆಯಿಂದ ಎಷ್ಟು ಅಡಿ ದೂರ, ಎಷ್ಟು ಆಳ ಎಂದು ಅಳತೆಪಟ್ಟಿ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟರೆ, ಮುಂದೆ ಅದೇ ಅಂಗಳದಲ್ಲಿ ಗಿಡ ನೆಡುವವರು ಎಲ್ಲಿ ಗುಂಡಿ ತೋಡಬಾರದೆಂದು ತಿಳಿದುಕೊಳ್ಳುತ್ತಾರೆ.